ದುಬೈ ವಾಚಿನ ಬೆನ್ನ ಮೇಲಿನ ನಂಬರು

ನಮ್ಮ ಕರಾವಳಿಯ ಹಳೇ ಮನೆಗಳಲ್ಲಿ ಎರಡು ಬಗೆಯ ವಾಚು ಸಿಗುತ್ತವೆ. ಒಂದು, ಮದುವೆಗೆ ಮಾವ ಕೊಡಿಸಿದ ಎಚ್‌ಎಂಟಿ. ಇನ್ನೊಂದು ‘ದುಬೈ ವಾಚು’. ದುಬೈ ವಾಚು ಎಂದರೆ ದುಬೈಯಲ್ಲಿ ತಯಾರಾದದ್ದಲ್ಲ. ತಿರುಗಿಸಿ ನೋಡಿದರೆ ಬೆನ್ನ ಮೇಲೆ ಜಪಾನ್ ಎಂದಿರುತ್ತದೆ. ಸೀಕೊ, ಸಿಟಿಜನ್, ಅಪರೂಪಕ್ಕೊಂದು ರಿಕೋ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಕೊಲ್ಲಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಟೇಪ್ ರೆಕಾರ್ಡರು, ಸೆಂಟು, ದಪ್ಪ ಕಂಬಳಿ, ಟೈಗರ್ ಬಾಮ್ ಜೊತೆಗೆ ತಂದದ್ದು. ಅದು ಕೈಯಲ್ಲಿದ್ದರೆ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಲ್ಲುವ ರೀತಿಯೇ ಬೇರೆ ಇತ್ತಂತೆ. ತೋಳು ಸ್ವಲ್ಪ ಮೇಲೆ ಸರಿಸಿ.

ನನಗೆ ಈ ವಾಚುಗಳ ಹುಚ್ಚು ಹಿಡಿದದ್ದು ಮೂರು ವರ್ಷದ ಹಿಂದೆ. ಪೇಟೆಯ ಬಸ್ ನಿಲ್ದಾಣದ ಪಕ್ಕ ಗಾಜಿನ ಪೆಟ್ಟಿಗೆಯಷ್ಟೇ ಅಗಲದ ವಾಚು ರಿಪೇರಿ ಅಂಗಡಿಯೊಂದು ಉಂಟು. ಅಲ್ಲಿ ಕೂರುವ ಅಜ್ಜನ ಬಗ್ಗೆ ಪತ್ರಿಕೆಗೆ ಒಂದು ಸುದ್ದಿ ಬರೆಯಲು ಹೋಗಿದ್ದೆ. ದಿನವಿಡೀ ಸೆಲ್ ಹಾಕಿಸಲು ಬರುವವರು, ಬೆಲ್ಟ್ ಬದಲಿಸಲು ಬರುವವರು. ನಡುವೆ ಒಬ್ಬರು ನಿಂತುಹೋದ ಸೀಕೊ ತಂದರು. ಅಜ್ಜ ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದು, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ನನಗೆ ಕೊಟ್ಟರು. ಒಳಗೆ ನಿಂತಿದ್ದ ಚಕ್ರವನ್ನು ಚಿಮಟದ ತುದಿಯಿಂದ ಒಮ್ಮೆ ಮುಟ್ಟಿದರು. ಅದು ಉಸಿರಾಡಿದ ಹಾಗೆ ಹಿಂದೆ ಮುಂದೆ ಆಡತೊಡಗಿತು. ಸೆಲ್ ಇಲ್ಲ, ಕರೆಂಟ್ ಇಲ್ಲ. ಸುದ್ದಿ ಪತ್ರಿಕೆಯಲ್ಲಿ ಒಂದು ಮೂಲೆಯಲ್ಲಿ ಬಂತು. ನಾನು ಮಾತ್ರ ವಾರಕ್ಕೊಮ್ಮೆ ಆ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಈಗ ನನ್ನ ಹತ್ತಿರ ಹನ್ನೊಂದು ವಾಚುಗಳಿವೆ. ಎಲ್ಲ ಸೇರಿಸಿದರೂ ಒಂದು ಒಳ್ಳೆಯ ಫೋನಿನ ಬೆಲೆ ಆಗಲಿಕ್ಕಿಲ್ಲ.

ವಾಚು ಎಂದರೆ ಸ್ವಿಟ್ಜರ್‌ಲ್ಯಾಂಡ್ ಎನ್ನುವವರೇ ಹೆಚ್ಚು. ನನಗೆ ಜಪಾನಿನ ಕಥೆಯೇ ಇಷ್ಟ. ಅದು ರಿಪೇರಿ ಮತ್ತು ಅಂಗಡಿಯಿಂದ ಶುರುವಾದ ಕಥೆ.

ಕಿಂತಾರೊ ಹಟ್ಟೋರಿ ಎಂಬವರು 1881ರಲ್ಲಿ ಟೋಕಿಯೊದಲ್ಲಿ ಗಡಿಯಾರ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟರು. ಆಗ ಅವರಿಗೆ ಇಪ್ಪತ್ತೊಂದರ ಪ್ರಾಯ. 1892ರಲ್ಲಿ ಸ್ವಂತ ಕಾರ್ಖಾನೆ ಮಾಡಿದರು. 1913ರಲ್ಲಿ ‘ಲಾರೆಲ್’ ಎಂಬ ವಾಚು ತಂದರು. ಜಪಾನಿನಲ್ಲಿ ತಯಾರಾದ ಮೊದಲ ಕೈಗಡಿಯಾರ ಅದು. ಹತ್ತು ವರ್ಷಕ್ಕೆ, 1923ರ ಸೆಪ್ಟೆಂಬರ್ 1ರಂದು, ಟೋಕಿಯೊ ಭಾಗದಲ್ಲಿ ದೊಡ್ಡ ಭೂಕಂಪವಾಯಿತು. ಹಿಂದೆಯೇ ಬೆಂಕಿ. ಹಟ್ಟೋರಿಯವರ ಕಾರ್ಖಾನೆ ಸುಟ್ಟುಹೋಯಿತು. ಗಿರಾಕಿಗಳು ರಿಪೇರಿಗೆ ಕೊಟ್ಟಿದ್ದ ಸುಮಾರು 1,500 ವಾಚುಗಳೂ ಸುಟ್ಟುಹೋದವು. ‘ದೇವರ ಕೆಲಸ, ನಾವೇನು ಮಾಡುವುದು’ ಎಂದು ಕೈಚೆಲ್ಲಬಹುದಿತ್ತು. ಅವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ವಾಚು ಕಳೆದುಕೊಂಡವರಿಗೆ ಅಂಥದ್ದೇ ಹೊಸ ವಾಚು ಕೊಡುತ್ತೇವೆ ಎಂದರು, ಕೊಟ್ಟರು. ಮರುವರ್ಷ, 1924ರಲ್ಲಿ, ಡಯಲಿನ ಮೇಲೆ ‘ಸೀಕೊ’ ಎಂದು ಹೆಸರಿದ್ದ ಮೊದಲ ವಾಚು ಬಂತು.

ಈ ಕಥೆಯನ್ನು ಅಂಗಡಿಯ ಅಜ್ಜನಿಗೆ ಹೇಳಿದೆ. ಅವರು ತಲೆ ಎತ್ತದೆ, “ಮತ್ತೆ? ಇನ್ನೊಬ್ಬರ ವಾಚಲ್ಲವಾ ಅದು” ಎಂದರು ಅಷ್ಟೆ.

ಅದೇ 1924ರಲ್ಲಿ ಇನ್ನೊಂದು ಸಂಸ್ಥೆ ಒಂದು ಜೇಬುಗಡಿಯಾರ ತಂದಿತು. ಅದಕ್ಕೆ ‘ಸಿಟಿಜನ್’ ಎಂದು ಹೆಸರಿಟ್ಟವರು ಟೋಕಿಯೊದ ಮೇಯರ್ ಆಗಿದ್ದ ಗೋಟೊ ಶಿಂಪೇ. ಸಿಟಿಜನ್ ಎಂದರೆ ನಾಗರಿಕ. ಎಲ್ಲ ಜನರ ಕೈಗೂ ಸಿಗುವ ವಾಚಾಗಲಿ ಎಂಬ ಆಸೆ. 1956ರಲ್ಲಿ ಈ ಕಂಪನಿ ‘ಪ್ಯಾರಾಶಾಕ್’ ಎಂಬ ವಾಚು ಮಾಡಿತು, ಬಿದ್ದರೂ ಒಳಗಿನ ಸೂಕ್ಷ್ಮ ಅಚ್ಚು ಮುರಿಯದ ಹಾಗೆ. ನಂಬಿಸುವುದಕ್ಕೆ ಹೆಲಿಕಾಪ್ಟರಿನಿಂದ ಕೆಳಕ್ಕೆ ಹಾಕಿ ಜನರಿಗೆ ತೋರಿಸಿದರು. ಆಮೇಲೆ ನೀರಿಗೆ ಜಗ್ಗದ ವಾಚು ಮಾಡಿದಾಗ, ಸಮುದ್ರದಲ್ಲಿ ತೇಲುವ ಬೋಯಾಗಳಿಗೆ ಅದನ್ನು ಕಟ್ಟಿ ಪೆಸಿಫಿಕ್ ಸಾಗರಕ್ಕೆ ಬಿಟ್ಟರು. ಬಲೆಯ ತೇಲುಬುಂಡೆಗೆ ವಾಚು ಕಟ್ಟಿ ಬಿಟ್ಟ ಹಾಗೆ ಎಂದರೆ ನಮ್ಮ ಕಡಲ ಬದಿಯವರಿಗೆ ಬೇಗ ಅರ್ಥವಾದೀತು.

ಇದೆಲ್ಲ ದೂರದ ಮಾತು ಅನ್ನಿಸಿದರೆ ಮನೆಯ ಹಳೇ ಎಚ್‌ಎಂಟಿಯನ್ನು ಒಮ್ಮೆ ತೆಗೆದು ನೋಡಿ. ಹಲವು ಡಯಲುಗಳ ಮೇಲೆ ಸಣ್ಣಕ್ಷರದಲ್ಲಿ ‘ಪ್ಯಾರಾ ಶಾಕ್’ ಎಂದಿರುತ್ತದೆ. ಅದೇ ಮಾತು. ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದದ್ದು ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಮೇಷ್ಟ್ರುಗಳ ಕೈಯಲ್ಲಿ, ಕಂಡಕ್ಟರುಗಳ ಕೈಯಲ್ಲಿ ಓಡಿದ ‘ಜನತಾ’ದ ಒಳಗಿನ ಮೆಷಿನ್ ಸಿಟಿಜನ್ ವಿನ್ಯಾಸದಿಂದ ಬಂದದ್ದು. ಹಾಗಾಗಿ ಮಾವ ಕೊಡಿಸಿದ ವಾಚೂ ದುಬೈ ವಾಚೂ ದೂರದ ನೆಂಟರೇ. ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಅದಾದ ಮೇಲೆ ಜನತಾಕ್ಕೂ ಹುಡುಕುವವರು ಹುಟ್ಟಿಕೊಂಡರು. ಇರುವಾಗ ಬೇಡ, ಹೋದ ಮೇಲೆ ಬೇಕು.

ನಮ್ಮ ಕಡೆ ಹೆಚ್ಚು ಸಿಗುವುದು ‘ಸೀಕೊ 5’. ಈ ಸಾಲು ಶುರುವಾದದ್ದು 1963ರಲ್ಲಿ. ಐದು ಯಾಕೆ ಎಂದರೆ ಐದು ಗುಣ: ಕೀ ಕೊಡಬೇಕಿಲ್ಲ, ವಾರ ಮತ್ತು ತಾರೀಕು ಒಂದೇ ಕಿಟಕಿಯಲ್ಲಿ, ನೀರು ತಡೆಯುತ್ತದೆ, ಕೀ ನಾಲ್ಕರ ಅಂಕಿಯ ಹತ್ತಿರ ಒಳಗೆ ಹುದುಗಿರುತ್ತದೆ, ಕೇಸು ಮತ್ತು ಚೈನು ಗಟ್ಟಿ. ಒಳಗೆ ಅರ್ಧಚಂದ್ರದ ಹಾಗಿರುವ ಭಾರದ ತಗಡೊಂದು ಇರುತ್ತದೆ. ನಾವು ಕೈ ಆಡಿಸಿದ ಹಾಗೆ ಅದು ತಿರುಗಿ ಸ್ಪ್ರಿಂಗನ್ನು ಬಿಗಿ ಮಾಡುತ್ತದೆ. ಯಾವ ದಿಕ್ಕಿಗೆ ತಿರುಗಿದರೂ ಸ್ಪ್ರಿಂಗ್ ಸುತ್ತುವ ಹಾಗೆ ‘ಮ್ಯಾಜಿಕ್ ಲಿವರ್’ ಎಂಬ ಸಣ್ಣ ಉಪಾಯವನ್ನು ಸೀಕೊದವರು 1959ರಲ್ಲೇ ಮಾಡಿದ್ದರು. ಎರಡು ಕಾಲಿನ ಒಂದು ಪುಟ್ಟ ಕೊಕ್ಕೆ, ಒಂದು ಕಾಲು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಭಾಗ ಕಡಿಮೆ, ಕೆಡುವುದೂ ಕಡಿಮೆ. ನಲವತ್ತು ವರ್ಷ ಪೆಟ್ಟಿಗೆಯಲ್ಲಿ ಬಿದ್ದಿದ್ದ ಸೀಕೊವನ್ನು ನಾಲ್ಕು ಸಲ ಅಲುಗಿಸಿದರೆ ಟಿಕ್ ಟಿಕ್ ಅನ್ನುವುದು ಇದಕ್ಕೇ.

ಹಾಗಾದರೆ ಇಂಥ ವಾಚು ಹಿಂದೆ ಬಿದ್ದದ್ದು ಯಾಕೆ? ಅದನ್ನೂ ಮಾಡಿದವರು ಸೀಕೊದವರೇ. 1969ರ ಡಿಸೆಂಬರ್ 25ರಂದು ‘ಆಸ್ಟ್ರಾನ್’ ಎಂಬ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು, ಅಂದರೆ ನಮ್ಮ ಮಾತಿನ ಸೆಲ್ ವಾಚನ್ನು, ಮಾರಾಟಕ್ಕೆ ಇಟ್ಟರು. ಬೆಲೆ 4,50,000 ಯೆನ್, ಆಗ ಅಲ್ಲಿ ಒಂದು ಸಣ್ಣ ಕಾರಿನ ದುಡ್ಡು. ತಿಂಗಳಿಗೆ ಐದು ಸೆಕೆಂಡು ಆಚೀಚೆ, ಅಷ್ಟೆ. ಮುಂದೆ ಸೆಲ್ ವಾಚು ಅಗ್ಗವಾಗುತ್ತ ಬಂತು, ಸ್ಪ್ರಿಂಗಿನ ವಾಚು ಪೆಟ್ಟಿಗೆ ಸೇರಿತು. ನಿಖರತೆ ಬೇಕಾದವರು ಹಳೇ ಆಟೋಮ್ಯಾಟಿಕ್ ಕೊಳ್ಳಬೇಡಿ. ದಿನಕ್ಕೆ ಒಂದೆರಡು ನಿಮಿಷ ಆಚೀಚೆ ಆದರೂ ತೊಂದರೆಯಿಲ್ಲ ಎನ್ನುವವರಿಗೆ ಇದು.

ಈಗ ವ್ಯಾಪಾರದ ಮಾತು. ಇದನ್ನು ತಿಳಿಯದೆ ಕೊಳ್ಳಲೂ ಬೇಡಿ, ಮಾರಲೂ ಬೇಡಿ.

ಸೀಕೊ ವಾಚಿನ ಬೆನ್ನ ಮೇಲೆ ಎರಡು ನಂಬರು ಇರುತ್ತವೆ. ಒಂದರ ನಡುವೆ ಅಡ್ಡಗೆರೆ ಇರುತ್ತದೆ. ಅದರ ಮೊದಲ ನಾಲ್ಕು ಅಂಕಿ ಒಳಗಿನ ಮೆಷಿನ್ ಯಾವುದು ಎಂದು ಹೇಳುತ್ತದೆ. 6119 ಇದ್ದರೆ ಅರುವತ್ತರ ಕೊನೆ, ಎಪ್ಪತ್ತರ ದಶಕದ್ದು. 7009 ಇದ್ದರೆ ಅದರ ನಂತರದ್ದು, ಕೊಲ್ಲಿಯಿಂದ ಬಂದ ವಾಚುಗಳಲ್ಲಿ ನಾನು ಹೆಚ್ಚು ಕಂಡದ್ದು ಇದನ್ನೇ. ಇನ್ನೊಂದು ಆರಂಕಿಯ ನಂಬರು ವಾಚಿನ ಜಾತಕ. ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಒಂದರಿಂದ ಒಂಬತ್ತರವರೆಗೆ ಅಂಕಿ. ಅಕ್ಟೋಬರಿಗೆ ಸೊನ್ನೆ ಅಥವಾ ಇಂಗ್ಲಿಷಿನ ಓ ಅಕ್ಷರ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ಯಾವ ದಶಕ ಎಂದು ಅದು ಹೇಳುವುದಿಲ್ಲ. ಅದನ್ನು ಮೆಷಿನ್ ನೋಡಿ, ಮನೆಯವರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು.

ಎರಡನೆಯದು ಡಯಲು. ಕೆಳಗೆ ಆರರ ಹತ್ತಿರ, ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಿರುತ್ತವೆ. ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿ. ಅಲ್ಲೂ ಮೆಷಿನ್ ನಂಬರು ಇರುತ್ತದೆ. ಬೆನ್ನಲ್ಲಿ 7009, ಡಯಲಿನಲ್ಲಿ 6119 ಎಂದಿದ್ದರೆ ಎರಡು ವಾಚು ಸೇರಿಸಿ ಒಂದು ಮಾಡಿದ್ದಾರೆ ಎಂದು ಅರ್ಥ. ಆ ಅಕ್ಷರಗಳೇ ಇಲ್ಲ, ಅಥವಾ ಕಲಸಿಹೋಗಿವೆ, ಆದರೆ ಡಯಲು ಮಾತ್ರ ಗಿಳಿಹಸಿರು, ಕಿತ್ತಳೆ ಬಣ್ಣದಲ್ಲಿ ಮಿರಿಮಿರಿ ಹೊಳೆಯುತ್ತಿದೆ ಎಂದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ. ನಮ್ಮ ದೇಶದಲ್ಲಿ ಈ ಕೆಲಸ ಎಷ್ಟು ನಡೆಯುತ್ತದೆ ಎಂದರೆ, ಹೊರದೇಶದ ಸಂಗ್ರಾಹಕರು ಇಂಥ ವಾಚಿಗೆ ‘ಮುಂಬೈ ಸ್ಪೆಷಲ್’ ಎಂದು ಅಡ್ಡಹೆಸರೇ ಇಟ್ಟಿದ್ದಾರೆ.

ಬಣ್ಣ ಹೊಡೆದದ್ದೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ದಿನಾ ಕಟ್ಟಿಕೊಳ್ಳಲು ಚಂದದ ವಾಚು ಬೇಕು, ಸಾವಿರ ರೂಪಾಯಿಯೊಳಗೆ ಆಗಬೇಕು ಎನ್ನುವವರಿಗೆ ಅದು ಸಾಕು. ಬಣ್ಣ ಹೊಡೆದಿದೆ ಎಂದು ಬಾಯಿಬಿಟ್ಟು ಹೇಳಿ ಮಾರಬೇಕು, ಅಷ್ಟೆ. ‘ಅಪ್ಪಟ ಹಳೆಯದು’ ಎಂದು ಹೇಳಿ ಮಾರುವುದು ಮೋಸ. ಫೋನಿನಲ್ಲಿ ನೋಡಿ ಕೊಳ್ಳುವವರು ಬೆನ್ನಿನ ಫೋಟೋ ಕೇಳಿ, ಮುಚ್ಚಳ ತೆಗೆದು ಮೆಷಿನ್ ಫೋಟೋ ಕೇಳಿ, ಓಡುತ್ತಿರುವ ವಿಡಿಯೋ ಕೇಳಿ. ಕೊಡಲು ಹಿಂದೆಮುಂದೆ ನೋಡುವವರನ್ನು ಬಿಟ್ಟುಬಿಡಿ. ಇನ್ನು ಡಯಲಿನ ಮೇಲೆ ನೀರು ತಡೆಯುತ್ತದೆ ಎಂದು ಬರೆದಿದ್ದರೂ ನಂಬಬೇಡಿ. ಒಳಗಿನ ರಬ್ಬರು ನಲವತ್ತು ವರ್ಷಕ್ಕೆ ಒಣಗಿ ಕಡ್ಡಿಯಾಗಿರುತ್ತದೆ. ನಮ್ಮ ಮಳೆಗೆ ಒಂದು ದಿನ ಸಾಕು.

ಕಳೆದ ಮೇ ತಿಂಗಳಲ್ಲಿ ಪಕ್ಕದ ಮನೆಯ ದೊಡ್ಡಮ್ಮ ನನ್ನನ್ನು ಕರೆದರು. ಸಂಬಂಧದಲ್ಲಿ ದೊಡ್ಡಮ್ಮ ಅಲ್ಲ, ಕರೆದು ಅಭ್ಯಾಸ. ದೊಡ್ಡಪ್ಪ ತೀರಿಹೋಗಿ ಆರು ವರ್ಷ. ಅವರು ದುಬೈಯಲ್ಲಿ ಗಾರೆ ಕೆಲಸಕ್ಕಿದ್ದವರು. ಸ್ಕೂಟರಿನಲ್ಲಿ ಹಳೇ ರೇಡಿಯೋ, ಹಳೇ ವಾಚು ಕೊಳ್ಳುತ್ತ ಬರುವವನೊಬ್ಬ ದೊಡ್ಡಪ್ಪನ ಸೀಕೊಗೆ 400 ರೂಪಾಯಿ ಹೇಳಿ ಹೋಗಿದ್ದನಂತೆ. ಮಾಡಿನ ರೀಪು ಹುಳ ಹಿಡಿದು ಉದುರುತ್ತಿತ್ತು, ಮಳೆಗಾಲ ಎದುರಿಗಿತ್ತು. ಬೀಡಿ ಕಟ್ಟಿ ಬರುವ ದುಡ್ಡಿನಲ್ಲಿ ಮಾಡು ರಿಪೇರಿ ಆಗುವುದಿಲ್ಲ.

“ನಿಂಗೆ ಈ ವಾಚಿನ ಮರ್ಲು ಉಂಟಲ್ಲ, ನೀನೇ ತಕೋ. ಅವನಿಗೆ ಕೊಡುವ ಬದಲು ನಿಂಗೆ ಕೊಡುದು. ಎಷ್ಟು ಕೊಡ್ತಿ?” ಎಂದರು.

ಪ್ಲಾಸ್ಟಿಕ್ ತೊಟ್ಟೆಯಿಂದ ವಾಚು ಬಿಚ್ಚಿದೆ. 7009. ಬೆಳ್ಳಿ ಬಣ್ಣದ ಡಯಲು, ಎಂಟರ ಪಕ್ಕ ಒಂದು ಕಂದು ಕಲೆ. ಗಾಜಿನ ಮೇಲೆ ಗೀರು. ಚೈನು ಅದರದ್ದೇ, ಮೂಲದ್ದು. ಆರರ ಕೆಳಗಿನ ಇರುವೆ ಸಾಲು ಸ್ಪಷ್ಟವಾಗಿತ್ತು. ಯಾರೂ ಕೈ ಹಾಕದ ವಾಚು. ಅಲುಗಿಸಿದೆ, ಓಡಿತು.

“ಅದರಲ್ಲಿ ಎಂತದೋ ಒಂದು ಐಬು ಉಂಟು ಮಾರಾಯ್ತಿ” ಎಂದರು ದೊಡ್ಡಮ್ಮ. “ನಡುರಾತ್ರಿ ಎದ್ದು ನೋಡಿದ್ರೆ ವಾರದ ಹೆಸರು ಬೇರೆ ಲಿಪಿಯಲ್ಲಿ ಬರ್ತಿತ್ತು. ಬೆಳಿಗ್ಗೆ ನೋಡಿದ್ರೆ ಸರಿ ಇರ್ತಿತ್ತು. ಇವ್ರತ್ರ ಹೇಳಿದ್ರೆ ನಿಂಗೆ ನಿದ್ದೆಗಣ್ಣು ಅಂತ ನಗಾಡ್ತಿದ್ರು.”

ಐಬಲ್ಲ ಅದು. ಕೊಲ್ಲಿ ದೇಶಗಳಿಗೆ ಕಳಿಸುತ್ತಿದ್ದ ಸೀಕೊಗಳಲ್ಲಿ ವಾರದ ಚಕ್ರದ ಮೇಲೆ ಪ್ರತಿ ದಿನದ ಹೆಸರು ಎರಡು ಸಲ ಇರುತ್ತದೆ, ಇಂಗ್ಲಿಷಿನಲ್ಲೊಮ್ಮೆ, ಅರಬ್ಬಿಯಲ್ಲೊಮ್ಮೆ. ನಡುರಾತ್ರಿ ದಿನ ಬದಲಾಗುವಾಗ ಚಕ್ರ ಒಂದು ಮನೆ ಸರಿದು ಅರಬ್ಬಿ ತೋರಿಸುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಮನೆ ಸರಿದು ಇಂಗ್ಲಿಷಿಗೆ ಬರುತ್ತದೆ. (ಆ ಹೊತ್ತಿನಲ್ಲಿ, ಅಂದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವದವರೆಗೆ, ತಾರೀಕು ವಾರ ತಿರುಗಿಸಬೇಡಿ. ಹಲ್ಲು ಮುರಿಯುತ್ತದೆ.) ಇಷ್ಟು ವರ್ಷ ದೊಡ್ಡಮ್ಮ ನೋಡಿದ್ದು ನಿಜವೇ ಆಗಿತ್ತು. ಹೇಳಿದಾಗ ಅವರಿಗೆ ಗಂಡನ ಮೇಲೆ ಒಳ್ಳೇ ಸಿಟ್ಟು ಬಂತು.

ಬೆನ್ನಿನ ಎರಡನೇ ನಂಬರು 3, ಆಮೇಲೆ ಎನ್. ನವೆಂಬರ್. 1973ರಲ್ಲಿ ಈ ಮೆಷಿನ್ ಇನ್ನೂ ಬಂದಿರಲಿಲ್ಲ. 1993 ಆಗಲಿಕ್ಕೂ ಸಾಧ್ಯವಿಲ್ಲ, ದೊಡ್ಡಪ್ಪ 1991ಕ್ಕೇ ದುಬೈ ಬಿಟ್ಟು ಬಂದಾಗಿತ್ತು. ಹಾಗಾದರೆ 1983ರ ನವೆಂಬರ್.

ನಿಜ ಹೇಳುತ್ತೇನೆ, ನನಗೆ ಆ ವಾಚು ಬೇಕಿತ್ತು. ಕೈ ಹಾಕದ ಡಯಲಿನ 7009 ನನ್ನ ಹತ್ತಿರ ಇರಲಿಲ್ಲ. 600 ಎಂದಿದ್ದರೆ ದೊಡ್ಡಮ್ಮ ಖುಷಿಯಿಂದ ಕೊಡುತ್ತಿದ್ದರು, ಮೇಲೆ ನಾಲ್ಕು ಮಾವಿನಹಣ್ಣನ್ನೂ ಕಟ್ಟಿ ಕಳಿಸುತ್ತಿದ್ದರು. ಈ ಹವ್ಯಾಸದ ದೊಡ್ಡ ಗುಟ್ಟು ಇದು. ಅಗ್ಗಕ್ಕೆ ಸಿಕ್ಕಿತು ಎಂದು ಸಂಗ್ರಾಹಕರು ಹೇಳಿಕೊಂಡು ತಿರುಗುವ ವಾಚುಗಳಲ್ಲಿ ಎಷ್ಟೋ ಇಂಥ ಮನೆಗಳಿಂದ, ಇಂಥ ಮೇ ತಿಂಗಳಲ್ಲಿ ಹೊರಗೆ ಬಂದದ್ದು. ಮಾರುವವರಿಗೆ ಬೆಲೆ ಗೊತ್ತಿಲ್ಲ ಎನ್ನುವುದೇ ಕೊಳ್ಳುವವರ ಲಾಭ.

“ದೊಡ್ಡಮ್ಮ, ಇದು ಎರಡೂವರೆ ಸಾವಿರಕ್ಕೆ ಹೋಗ್ತದೆ. ಲಕ್ಷ ಗಿಕ್ಷ ಬರುವ ವಾಚಲ್ಲ. ಆದ್ರೆ ನಾನೂರು ಅಲ್ಲ. ನಾನು ಎರಡೂವರೆಗೇ ತಕೊಳ್ತೇನೆ, ಎರಡು ಕಂತು ಮಾಡಿ” ಎಂದೆ.

ಲಕ್ಷದ ಮಾತು ಯಾಕೆ ಎಂದರೆ, ಫೋನಿನಲ್ಲಿ ಬರುವ ವಿಡಿಯೋಗಳನ್ನು ನೋಡಿ ಮನೆಯ ಹಳೇ ವಾಚು ಬಂಗಾರದ ಗಟ್ಟಿ ಎಂದುಕೊಂಡವರೂ ಇದ್ದಾರೆ. ಹೆಚ್ಚು ಬೆಲೆಯ ಹಳೇ ಜಪಾನಿ ವಾಚುಗಳು ಇಲ್ಲವೆಂದಲ್ಲ. 1960ರಲ್ಲಿ ಶುರುವಾದ ‘ಗ್ರ್ಯಾಂಡ್ ಸೀಕೊ’ ಉಂಟು. ಅಮೆರಿಕದ ಗಗನಯಾತ್ರಿ ವಿಲಿಯಂ ಪೋಗ್ 1973ರಲ್ಲಿ ಸ್ಕೈಲ್ಯಾಬಿಗೆ ಕಟ್ಟಿಕೊಂಡು ಹೋದ ಹಳದಿ ಡಯಲಿನ 6139 ಉಂಟು. ಅವನ್ನು ನಾನು ಫೋಟೋದಲ್ಲಿ ಮಾತ್ರ ಕಂಡಿದ್ದೇನೆ. ನಮ್ಮವರು ಸಂಬಳ ಉಳಿಸಿ ತಂದದ್ದು ದುಡಿಯುವವರ ವಾಚು.

ದೊಡ್ಡಮ್ಮ ಮಸ್ಕತ್‌ನಲ್ಲಿರುವ ಮಗನಿಗೆ ವಿಡಿಯೋ ಕಾಲ್ ಮಾಡಿದರು. “ಮಾರಮ್ಮ, ಆ ಹಳೇದು ಇಟ್ಟುಕೊಂಡು ಎಂತ ಮಾಡ್ಲಿಕ್ಕುಂಟು” ಎಂದ ಅಣ್ಣ. ಫೋನಿಗೆ ವಾಚಿನ ಬೆನ್ನು ಹಿಡಿದು ನಾನು ನಂಬರಿನ ಲೆಕ್ಕ ಹೇಳಿದೆ. 1983 ನವೆಂಬರ್. ಆ ಕಡೆ ಮಾತು ನಿಂತಿತು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಅಣ್ಣ ಹುಟ್ಟಿದ್ದು 1984ರ ಮಾರ್ಚಿಯಲ್ಲಿ. ಅವನು ಹುಟ್ಟುವಾಗ ದೊಡ್ಡಪ್ಪ ದುಬೈಯಲ್ಲೇ ಇದ್ದರು. ಮಗುವಿನ ಮುಖ ನೋಡಲು ಬಂದದ್ದು ಏಳು ತಿಂಗಳು ಕಳೆದ ಮೇಲೆ, ಈ ವಾಚು ಕಟ್ಟಿಕೊಂಡು.

“ಅಮ್ಮ, ಮಾರಬೇಡ. ರೀಪಿಗೆ ನಾನು ದುಡ್ಡು ಹಾಕ್ತೇನೆ” ಎಂದ.

ಫೋನ್ ಇಟ್ಟ ಮೇಲೆ ದೊಡ್ಡಮ್ಮ ಹೇಳಿದ್ದು: “ನೋಡು, ಮಾಡು ಸೋರ್ತದೆ ಅಂತ ಎರಡು ವರ್ಷದಿಂದ ಹೇಳ್ತಿದ್ದೆ. ಕೇಳಿದ್ದು ವಾಚಿನ ಮಾತು.” ದುಡ್ಡು ಮುಂದಿನ ವಾರ ಬಂತು.

ನನಗೆ ವಾಚು ತಪ್ಪಿತು. ಬೇಸರ ಆಗಲಿಲ್ಲ ಎಂದರೆ ಸುಳ್ಳು.

ರಿಪೇರಿಗೆ ಅಜ್ಜನ ಅಂಗಡಿಗೆ ನಾನೇ ಕೊಂಡುಹೋದೆ. ಅವರು ಮೆಷಿನ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿದ ಎಣ್ಣೆ ತೆಗೆದು ಹೊಸ ಎಣ್ಣೆ ಬಿಟ್ಟರು. ಸವೆದ ಒಂದು ಭಾಗಕ್ಕೆ ತಮ್ಮ ‘ಸತ್ತ ವಾಚುಗಳ ಡಬ್ಬಿ’ಯಿಂದ ಇನ್ನೊಂದನ್ನು ಹುಡುಕಿ ಹಾಕಿದರು. ಆರುನೂರು ರೂಪಾಯಿ. ಮಸ್ಕತ್‌ನಿಂದ ಅಣ್ಣ ಮೆಸೇಜು ಹಾಕಿದ, ಆ ಕಲೆ ಹೋಗುವ ಹಾಗೆ ಡಯಲಿಗೆ ಹೊಸ ಬಣ್ಣ ಹೊಡೆಸಬಹುದಾ ಎಂದು. ಬಣ್ಣ ಹೊಡೆಯಬೇಕಾದರೆ ಇರುವ ಅಕ್ಷರ, ಗೆರೆ ಎಲ್ಲ ಕೆರೆದು ತೆಗೆಯಬೇಕು, ಆಮೇಲೆ ಅದು ದೊಡ್ಡಪ್ಪ ನೋಡುತ್ತಿದ್ದ ಮುಖ ಆಗಿರುವುದಿಲ್ಲ ಎಂದು ಬರೆದೆ. “ಹಾಗಾದ್ರೆ ಇರ್ಲಿ” ಎಂದು ಉತ್ತರ ಬಂತು. ಗಾಜು ಮಾತ್ರ ಬದಲಿಸಿದೆವು.

ಒಂದು ತೊಂದರೆ ಉಳಿಯಿತು. ಈ ಮೆಷಿನ್‌ಗೆ ಕೈಯಿಂದ ಕೀ ಕೊಡಲು ಬರುವುದಿಲ್ಲ. ಕಟ್ಟಿಕೊಂಡು ಕೈ ಆಡಿಸಿದರೆ ಮಾತ್ರ ಓಡುತ್ತದೆ, ಮೊಳೆಗೆ ನೇತುಹಾಕಿದರೆ ಎರಡು ದಿನದೊಳಗೆ ನಿಲ್ಲುತ್ತದೆ. ಅದನ್ನು ಹೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ವಾಚನ್ನೇ ನೋಡಿ, ಎಡಗೈಗೆ ಕಟ್ಟಿಕೊಂಡರು. ಬೀಡಿ ಕಟ್ಟುವವರ ಕೈ ಸುಮ್ಮನಿರುವುದಿಲ್ಲ. ಎಲೆ ಕತ್ತರಿಸು, ಹೊಗೆಸೊಪ್ಪು ಹರಡು, ಸುತ್ತು, ಮಡಿಸು, ನೂಲು ಬಿಗಿ. ಮಣಿಕಟ್ಟು ಬೆಳಗಿನಿಂದ ಸಂಜೆವರೆಗೆ ಆಚೀಚೆ ಆಡುತ್ತಲೇ ಇರುತ್ತದೆ. ವಾಚು ಒಂದು ದಿನವೂ ನಿಂತಿಲ್ಲ.

ಎರಡು ನಿಮಿಷ ಮುಂದೆ ಓಡುತ್ತದೆ, ಸರಿ ಮಾಡಿಸುವ ಎಂದೆ. “ಬೇಡ, ಬೀಡಿ ಬ್ರಾಂಚಿಗೆ ಬೇಗ ಮುಟ್ಟಬಹುದು” ಎಂದರು. ಚೈನು ಮೊಣಕೈವರೆಗೆ ಜಾರುತ್ತಿತ್ತು, ಅಜ್ಜನ ಹತ್ತಿರ ನಾಲ್ಕು ಕೊಂಡಿ ತೆಗೆಸಿದೆವು. ಆ ಕೊಂಡಿಗಳನ್ನು ದೊಡ್ಡಮ್ಮ ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟಿದ್ದಾರೆ. ಮಗ ಬಂದಾಗ ಕಟ್ಟಿಕೊಳ್ಳಲು ಬೇಕಾಗುತ್ತದೆ, ತಾನಾದರೆ ಎಲ್ಲಿಟ್ಟೆ ಎಂದು ಮರೆಯುತ್ತೇನೆ, ನೀನು ಇಟ್ಟುಕೋ ಎಂದು. ನನ್ನ ಹನ್ನೊಂದು ವಾಚುಗಳ ಡಬ್ಬಿಯಲ್ಲೇ ಇಟ್ಟಿದ್ದೇನೆ.